ಡ್ರಿಲ್ ಎಲ್ಲಾ ಮಾಡಿಸಿದೆ, ಮಗಳ ಫ್ರೀಸ್ಟೈಲ್ ಮಾತ್ರ ಸುಧಾರಿಸ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ತಿಳಕವಾಡಿ ಅಪ್ಪ
ಎಲ್ಲರಿಗೂ ನಮಸ್ಕಾರ. ಮಗಳಿಗೆ 11 ವರ್ಷ. ಬೆಳಗಾವಿಯಲ್ಲೇ ಮೂರು ವರ್ಷದಿಂದ ಈಜುತ್ತಿದ್ದಾಳೆ, ಕಳೆದ ವರ್ಷದಿಂದ ಸ್ಪರ್ಧೆಗೂ ಇಳಿಯುತ್ತಿದ್ದಾಳೆ. 50 ಮೀಟರ್ ಫ್ರೀಸ್ಟೈಲ್ 38 ಸೆಕೆಂಡಿಗೆ ಬಂದು ನಿಂತುಬಿಟ್ಟಿದೆ. ಆರು ತಿಂಗಳಾಯ್ತು, ಕಾಲು ಸೆಕೆಂಡೂ ಇಳಿದಿಲ್ಲ.

ಕೋಚ್ ಒಳ್ಳೆಯವರು. ಆದರೆ ಒಬ್ಬರ ಕೈಗೆ 30 ಮಕ್ಕಳು, ಯಾರ ಕೈ ಎಲ್ಲಿ ಬೀಳ್ತಿದೆ ಅಂತ ನೋಡೋಕೆ ಅವರಿಗೆ ಹೊತ್ತೆಲ್ಲಿ? ಅದಕ್ಕೆ ನಾನೇ ಇಂಟರ್ನೆಟ್ ನೋಡಿ ಒಂಬತ್ತು ಡ್ರಿಲ್, ಅಂದ್ರೆ ಈಜಿನ ಒಂದೊಂದು ಭಾಗ ತಿದ್ದೋ ಅಭ್ಯಾಸ, ಬರೆದಿಟ್ಟುಕೊಂಡು ವಾರಕ್ಕೆ ಮೂರು ಸಂಜೆ ಮಾಡಿಸಿದೆ. ಕ್ಯಾಚ್ ಅಪ್ (ಒಂದು ಕೈ ಮುಂದೆ ಬರೋವರೆಗೆ ಇನ್ನೊಂದು ಕಾಯೋದು), ಬೆರಳ ತುದಿ ನೀರಿಗೆ ತಾಗಿಸುತ್ತಾ ಕೈ ತರೋದು, ಮುಷ್ಟಿ ಕಟ್ಟಿ ಈಜೋದು, ಒಂದೇ ಕೈಯಲ್ಲಿ ಈಜೋದು, ಎಲ್ಲಾ ಆಯ್ತು. ಡ್ರಿಲ್ ಚೆಂದ ಮಾಡ್ತಾಳೆ. ಮುಗಿಸಿ ಮಾಮೂಲಿಯಾಗಿ ಈಜಿದ ಕೂಡಲೇ ಮತ್ತೆ ಹಳೇ ಈಜು.

ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ನೋಡಿದೆ. ಎಡಕ್ಕೆ ಉಸಿರು ತಗೊಳ್ಳುವಾಗ ಮುಂದೆ ಚಾಚಿದ ಬಲಗೈ ತಲೆಯ ಮುಂದೆ ಅಡ್ಡ ಹಾಯ್ದು ಎಡಗಡೆಗೆ ಹೋಗುತ್ತೆ. ಅದೇ ಹೊತ್ತಿಗೆ ಕಾಲೆರಡೂ ಕತ್ತರಿ ಥರ ಅಗಲ ಆಗುತ್ತವೆ. 25 ಮೀಟರಿಗೆ 26 ಸ್ಟ್ರೋಕ್ (ಕೈ ಎಳೆತ) ಹಾಕ್ತಾಳೆ. ಕಾಲಿಗೆ ಯಾವ ಡ್ರಿಲ್ ಕೊಡಲಿ?

ಸ್ಪ್ರಿಂಟರ್ 17
ಕಿಕ್ ಬೋರ್ಡ್ (ಕೈಯಲ್ಲಿ ಹಿಡಿದು ತೇಲೋ ಹಲಗೆ) ಕೊಟ್ಟು ದಿನಾ 400 ಮೀಟರ್ ಕಿಕ್ ಮಾಡಿಸಿ ಅಂಕಲ್. ಕಾಲಿಗೆ ಶಕ್ತಿ ಬಂದ್ರೆ ಎಲ್ಲಾ ಸರಿ ಆಗುತ್ತೆ.

ನಾಲ್ಕನೇ ಲೇನ್
ಬೇಡ. ಕಾಲು ಅಗಲ ಆಗ್ತಿರೋದು ಶಕ್ತಿ ಇಲ್ಲದ್ದಕ್ಕಲ್ಲ.

ನಾನು 12 ವರ್ಷ ಸ್ಪರ್ಧೆಯಲ್ಲಿ ಈಜಿದವಳು, ಈಗ ಇಲ್ಲೇ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. ಈ ತಪ್ಪನ್ನು ವಾರಕ್ಕೆ ನಾಲ್ಕು ಸಲ ನೋಡ್ತೀನಿ. ಹಿಂದಿನಿಂದ ಮುಂದಕ್ಕೆ ಬನ್ನಿ ಸರ್. ಕಾಲು ಅಗಲ ಯಾಕಾಯ್ತು? ಕೈ ಅಡ್ಡ ಹೋದಾಗ ಮೈ ಹಾವಿನ ಹಾಗೆ ಹೊರಳುತ್ತೆ, ಆ ಹೊರಳಾಟ ತಡೆಯಲು ಕಾಲು ತಾನಾಗಿಯೇ ಅಗಲ ಆಗುತ್ತೆ. ಕೈ ಅಡ್ಡ ಯಾಕೆ ಹೋಯ್ತು? ಉಸಿರಿಗೆ ಅಂತ ತಲೆ ಎತ್ತುತ್ತಾಳೆ. ತಲೆ ಮೇಲೆದ್ದರೆ ಸೊಂಟ ಕೆಳಗಿಳಿಯುತ್ತೆ. ಮೈ ಆಗ ಆಧಾರ ಹುಡುಕುತ್ತೆ, ಮುಂದಿದ್ದ ಕೈ ನೀರನ್ನು ಕೆಳಕ್ಕೆ ಒತ್ತಿ ಅಡ್ಡಕ್ಕೆ ಜಾರುತ್ತೆ.

ಅಂದ್ರೆ ನೀವು ನೋಡಬೇಕಾದದ್ದು ತಲೆ. ಕಾಲು ನೋಡಿ ಕಾಲಿಗೆ ಡ್ರಿಲ್ ಕೊಟ್ಟರೆ ಇನ್ನೂ ಆರು ತಿಂಗಳು ಹೋಗುತ್ತೆ. ಕಿಕ್ ಬೋರ್ಡ್ ಹಿಡಿದರಂತೂ ಮಕ್ಕಳು ಗದ್ದ ಮೇಲೆ ಮಾಡಿಕೊಂಡೇ ಹೋಗ್ತಾರೆ, ಅದೇ ಅಭ್ಯಾಸ ಗಟ್ಟಿಯಾಗುತ್ತೆ.

ಒಂಬತ್ತು ಡ್ರಿಲ್ ಬಿಟ್ಟುಬಿಡಿ, ಸದ್ಯಕ್ಕೆ ಒಂದೇ ಸಾಕು. ಮಗ್ಗುಲ ಕಿಕ್. ಬಲ ಮಗ್ಗುಲು ಕೆಳಗೆ, ಬಲಗೈ ನೇರ ಮುಂದೆ, ಎಡಗೈ ಎಡತೊಡೆಯ ಮೇಲೆ. ಮುಖ ಪೂಲಿನ ತಳ ನೋಡುತ್ತಿರಬೇಕು. ಉಸಿರು ಬೇಕಾದಾಗ ತಲೆ ಎತ್ತಬಾರದು, ಮುಖ ಮಾತ್ರ ಎಡಕ್ಕೆ ಹೊರಳಬೇಕು. ಬಲ ಕಿವಿ ಬಲತೋಳಿಗೆ ಒತ್ತಿಕೊಂಡೇ ಇರಲಿ. ಗಾಗಲ್ಸಿನ ಒಂದು ಕಣ್ಣು ನೀರೊಳಗೆ, ಒಂದು ಹೊರಗೆ. ಎರಡೂ ಕಣ್ಣು ಹೊರಗೆ ಕಂಡರೆ ತಲೆ ಎತ್ತಿದಳು ಅಂತಲೇ ಲೆಕ್ಕ. 25 ಮೀಟರ್ ಇದನ್ನು ಮಾಡಿ, ನಿಂತು ಸುಧಾರಿಸಿಕೊಂಡು, ಕೂಡಲೇ 25 ಮೀಟರ್ ಮಾಮೂಲಿ ಈಜಬೇಕು. ನಿಧಾನಕ್ಕೆ. ಹೀಗೆ ನಾಲ್ಕು ಸಲ, ಅಷ್ಟೇ. ಡ್ರಿಲ್ ಎಲ್ಲಾ ಒಂದು ಕಡೆ, ಈಜು ಎಲ್ಲಾ ಇನ್ನೊಂದು ಕಡೆ ಇಟ್ಟರೆ ಡ್ರಿಲ್ಲಿನ ರುಚಿ ಈಜಿಗೆ ಇಳಿಯೋದಿಲ್ಲ. ಅವಳು ಡ್ರಿಲ್ ಚೆಂದ ಮಾಡಿ ಈಜು ಹಳೇದೇ ಈಜೋದು ಅದಕ್ಕೇ ಅನ್ಸುತ್ತೆ.

ಶಹಾಪುರ ತಾಯಿ
ಮೇಡಂ, ನನ್ನ ಮಗ ಮಗ್ಗುಲ ಕಿಕ್ ಮಾಡುವಾಗ ಮುಳುಗಿಯೇ ಹೋಗ್ತಾನೆ. ಹತ್ತು ಮೀಟರ್ ಹೋಗೋದ್ರಲ್ಲಿ ನಿಂತುಬಿಡ್ತಾನೆ.

ನಾಲ್ಕನೇ ಲೇನ್
ಪಾದಕ್ಕೆ ಹಾಕೋ ರಬ್ಬರಿನ ರೆಕ್ಕೆ, ಚಿಕ್ಕ ಫಿನ್ಸ್ ಹಾಕಿಸಿ ಅಕ್ಕಾ. ಉದ್ದದ್ದು ಬೇಡ. ವೇಗಕ್ಕಲ್ಲ, ಸಾವಕಾಶವಾಗಿ ತಲೆ ಕಡೆ ಗಮನ ಕೊಡೋಕೆ ಆಗಲಿ ಅಂತ. ಎರಡು ವಾರ ಆದಮೇಲೆ ಬಿಚ್ಚಿಸಿ.

ಸ್ಟಾಪ್‌ವಾಚ್
ವಿಜಯಪುರದಿಂದ ಬರೀತಿದ್ದೇನೆ. ನಾಲ್ಕನೇ ಲೇನ್ ಅವರ ಮಾತು ಒಪ್ಪಿದೆ, ಆದರೆ ಕ್ಯಾಚ್ ಅಪ್ ಬಿಡಿಸೋದು ಸರಿ ಅನ್ಸಲ್ಲ. ನನ್ನ ಮಗನ ಸ್ಟ್ರೋಕ್ ಉದ್ದ ಆಗಿದ್ದೇ ಅದರಿಂದ. ಒಂದು ಕೈ ಮುಂದೆ ಕಾಯಬೇಕು, ಇನ್ನೊಂದು ಬಂದು ಮುಟ್ಟಿದ ಮೇಲೆ ಎಳೀಬೇಕು. ಅವಸರ ಮಾಡೋ ಮಕ್ಕಳಿಗೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ.

ನಾಲ್ಕನೇ ಲೇನ್
ಅವಸರದ ಮಕ್ಕಳಿಗೆ ಹೌದು. ಆದರೆ ಕೈ ಬಂದು ಕೈ ಮುಟ್ಟೋದು ತಲೆಯ ಎದುರು ನಟ್ಟನಡುವೆ. ಮೊದಲೇ ಕೈ ಅಡ್ಡ ಹಾಯಿಸೋ ಹುಡುಗಿಗೆ ಅದನ್ನೇ ಕೊಟ್ಟರೆ ಅಡ್ಡ ಹಾಯಿಸೋಕೆ ಇನ್ನಷ್ಟು ಅಭ್ಯಾಸ ಕೊಟ್ಟಂತೆ. ಇನ್ನೊಂದು ತೊಂದರೆ, ಮುಟ್ಟೋವರೆಗೂ ಕಾದು ಕಾದು ಮುಂದಿನ ಕೈ ಸತ್ತ ಹಾಗೆ ನಿಂತಿರುತ್ತೆ. ಆ ಹೊತ್ತಲ್ಲಿ ವೇಗ ಬೀಳುತ್ತೆ, ಮತ್ತೆ ಎಬ್ಬಿಸಬೇಕು. ನಾನು ಮುಕ್ಕಾಲು ಕ್ಯಾಚ್ ಅಪ್ ಮಾಡಿಸ್ತೀನಿ. ಹಿಂದಿನ ಕೈ ಕಿವಿ ಹತ್ತಿರ ಬಂದಾಗಲೇ ಮುಂದಿನ ಕೈ ನೀರು ಹಿಡಿಯೋಕೆ ಶುರು. ಕೈ ಎರಡೂ ತಮ್ಮ ತಮ್ಮ ಭುಜದ ನೇರಕ್ಕೇ ಬೀಳಬೇಕು, ರೈಲು ಹಳಿ ಇದ್ದ ಹಾಗೆ.

ಸ್ಟಾಪ್‌ವಾಚ್
ಭುಜದ ನೇರ ಅನ್ನೋದು ನನಗೂ ಹೊಳೆದಿರಲಿಲ್ಲ. ಇವತ್ತು ಸಂಜೆ ಮಗನದ್ದೂ ನೋಡ್ತೀನಿ.

ಜಮಖಂಡಿ ಬಾವಿ
ನಮ್ಮ ಕಾಲದಾಗ ಡ್ರಿಲ್ ಗಿಲ್ ಇರಲಿಲ್ಲ ನೋಡ್ರಿ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆ ಬುರುಡೆ. ನಮ್ಮ ಅಜ್ಜ ಬಾವಿ ಮೆಟ್ಟಲ ಮೇಲೆ ಕೂತು ಹಗ್ಗದ ತುದಿ ಹಿಡೀತಿದ್ದರು. ಮೊದಲ ವಾರ ಎರಡು ಬುರುಡೆ, ಆಮೇಲೆ ಒಂದು, ಆಮೇಲೆ ಬರೇ ಹಗ್ಗ. ಒಂದು ದಿನ ತಿರುಗಿ ನೋಡಿದರೆ ಅಜ್ಜನ ಕೈಯಾಗ ಹಗ್ಗ ಸಡಿಲ ಇತ್ತು, ನಾನು ಬಾವಿ ನಡುವೆ ಇದ್ದೆ. ಆ ಖುಷಿ ಇವತ್ತಿಗೂ ಮರೆತಿಲ್ಲ. ಬೇಸಿಗೆ ರಜೆ ಪೂರ್ತಿ ಬಾವಿಯಲ್ಲೇ ಕಳೀತಿತ್ತು.

ಆದರೆ ನಾವೆಲ್ಲಾ ತಲೆ ಎತ್ತಿಯೇ ಈಜುತ್ತಿದ್ದೆವು. ಮೊಮ್ಮಗನಿಗೂ ನಾನೇ ಹಾಗೆ ಕಲಿಸಿದ್ದೆ. ಈಗ ಅವನು ಪೂಲಿಗೆ ಹೋಗ್ತಾನೆ, ತಲೆ ಇಳಿಸು ಅಂತ ಕೋಚ್ ದಿನಾ ಹೇಳ್ತಾರಂತೆ. ನಾನು ಕಲಿಸಿದ್ದು ತಪ್ಪಾಯ್ತಾ ಅಂತ ಮನಸ್ಸಿಗೆ ಹತ್ತಿದೆ.

ನಾಲ್ಕನೇ ಲೇನ್
ತಪ್ಪೇನಿಲ್ಲ ಕಾಕಾ. ಬಾವಿಯಲ್ಲಿ ಯಾರು ಜಿಗೀತಾರೆ, ಕಲ್ಲು ಎಲ್ಲಿದೆ ಅಂತ ನೋಡ್ತಿರಬೇಕು, ಅಲ್ಲಿ ತಲೆ ಮೇಲಿರೋದೇ ಸರಿ. ನೀರಿನ ಹೆದರಿಕೆ ಬಿಡಿಸಿದಿರಲ್ಲ, ಅರ್ಧ ಕೆಲಸ ಅದೇ.

ತಲೆ ಎತ್ತಿ ಈಜೋದೂ ಒಂದು ಡ್ರಿಲ್ ಇದೆ. ಹೆಸರು ಟಾರ್ಜನ್ ಡ್ರಿಲ್. 1922ರಲ್ಲಿ 100 ಮೀಟರನ್ನು ಮೊದಲ ಬಾರಿಗೆ ಒಂದು ನಿಮಿಷದೊಳಗೆ, 58.6 ಸೆಕೆಂಡಿನಲ್ಲಿ, ಈಜಿದವರು ಜಾನಿ ವೈಸ್‌ಮುಲ್ಲರ್. 1924 ಮತ್ತು 1928ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಅವರದ್ದೇ. ಮುಂದೆ ಸಿನಿಮಾದಲ್ಲಿ ಟಾರ್ಜನ್ ಆದರು. ಅವರು ತಲೆ ಮೇಲಿಟ್ಟೇ ಈಜುತ್ತಿದ್ದರು, ಹೆಸರು ಅಲ್ಲಿಂದ ಬಂತು. ಕೈ ನೀರಿಗೆ ಎಲ್ಲಿ ಬೀಳ್ತಿದೆ ಅಂತ ಮಗು ತನ್ನ ಕಣ್ಣಾರೆ ನೋಡಬಹುದು, ಅದಕ್ಕೆ ಒಳ್ಳೇದು. ಆದರೆ 10 ಮೀಟರಿಗಿಂತ ಜಾಸ್ತಿ ಮಾಡಿಸಬೇಡಿ, ಕುತ್ತಿಗೆ ಮತ್ತು ಸೊಂಟಕ್ಕೆ ಭಾರ.

ನವನಗರ ಮಾಸ್ತರ
ಬಾಗಲಕೋಟೆಯಿಂದ. ನಮ್ಮ ಕಡೆ ಕೃಷ್ಣೆ, ಘಟಪ್ರಭಾ, ಆಲಮಟ್ಟಿ ಹಿನ್ನೀರು, ಎತ್ತ ನೋಡಿದರೂ ನೀರು. ಮಕ್ಕಳಿಗೆ ಈಜು ಹೊಸದಲ್ಲ. ಆದರೆ ಲೇನ್ ಹಗ್ಗ ಕಟ್ಟಿದ ನೀರು ಸಿಗೋದು ವಾರಕ್ಕೆ ಎರಡು ತಾಸು. ಆ ಎರಡು ತಾಸಿನಲ್ಲಿ ಡ್ರಿಲ್ ಮಾಡಿಸಲೋ ಈಜಿಸಲೋ? ನೀರಿಲ್ಲದಾಗ ನೆಲದ ಮೇಲೆ ಮಾಡಬಹುದಾದ್ದು ಏನಾದ್ರೂ ಇದೆಯಾ?

ಫಿಜಿಯೋ ಅಕ್ಕ
ಇದೆ ಮಾಸ್ತರೇ. ವಜ್ರಾಸನ ಮಾಡಿಸಿ. ಕಿಕ್‌ನಲ್ಲಿ ಪಾದ ಹಿಂದಕ್ಕೆ ಚಾಚಿ ಮೀನಿನ ಬಾಲದಂತೆ ಬಳುಕಬೇಕು. ಓಡೋ ಮಕ್ಕಳ ಪಾದದ ಗಂಟು ಬಿಗಿ ಇರುತ್ತೆ, ಪಾದ ಕೊಕ್ಕೆಯಂತೆ ಮಡಚಿ ನೀರನ್ನು ತಡೆಯುತ್ತೆ. ದಿನಾ ಎರಡು ನಿಮಿಷ ವಜ್ರಾಸನ ಕೂತರೆ ಆ ಬಿಗಿ ಸಡಿಲಾಗುತ್ತೆ. ಮಂಡಿ ನೋವು ಅಂದವರಿಗೆ ಬೇಡ.

ಇನ್ನೊಂದು, ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಮೇಲೆತ್ತಿ, ಅಂಗೈ ಮೇಲೆ ಅಂಗೈ ಇಟ್ಟು, ತೋಳು ಕಿವಿಗೆ ಒತ್ತೋದು. ಸೊಂಟ ಗೋಡೆ ಬಿಡಬಾರದು. ಗೋಡೆ ಒದ್ದು ಹೊರಡುವಾಗ ಮೈ ಹೀಗೇ ಇರಬೇಕು.

ಭುಜದ ಬಗ್ಗೆ ಒಂದು ಮಾತು, ದಯವಿಟ್ಟು ಎಲ್ಲರೂ ಓದಿ. ಹೋದ ತಿಂಗಳು 10 ವರ್ಷದ ಹುಡುಗ ಬಂದಿದ್ದ. ಶರ್ಟಿನ ತೋಳು ಹಾಕಿಕೊಳ್ಳೋಕೂ ನೋವು. ಕೇಳಿದರೆ ದೊಡ್ಡವರ ಪ್ಯಾಡಲ್ (ಅಂಗೈಗೆ ಕಟ್ಟೋ ಹಲಗೆ) ಕಟ್ಟಿಕೊಂಡು ದಿನಾ 600 ಮೀಟರ್. ಆ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೀತಿರುತ್ತೆ, ಅಷ್ಟು ಭಾರ ಭುಜಕ್ಕೆ ಬೇಡವೇ ಬೇಡ. ಮತ್ತೆ ಹೆಬ್ಬೆರಳು ಮೊದಲು ನೀರಿಗೆ ಇಳಿಸೋ ಅಭ್ಯಾಸ ಇದ್ದರೆ ಬಿಡಿಸಿ. ಹಾಗೆ ಮಾಡಿದಾಗ ತೋಳು ಒಳಮುಖವಾಗಿ ತಿರುಗುತ್ತೆ, ದಿನಕ್ಕೆ ಸಾವಿರ ಸಲ ಹಾಗೆ ತಿರುಗಿದರೆ ಭುಜದ ಒಳಗೆ ಉಜ್ಜುತ್ತೆ. ಬೆರಳ ತುದಿ ಮೊದಲು, ಅಂಗೈ ಕೆಳಗೆ.

ಸ್ಪ್ರಿಂಟರ್ 17
ಪ್ಯಾಡಲ್ ಇಲ್ಲದೆ ನೀರು ಹಿಡಿಯೋದು ಹೇಗೆ ಗೊತ್ತಾಗುತ್ತೆ ಅಕ್ಕಾ? ನಮಗೆ ಅದರಿಂದಲೇ ಗೊತ್ತಾಗಿದ್ದು.

ನಾಲ್ಕನೇ ಲೇನ್
ಮುಷ್ಟಿ ಡ್ರಿಲ್ ಇರೋದೇ ಅದಕ್ಕೆ. ಬೆರಳು ಪೂರ್ತಿ ಮಡಚಿ 25 ಮೀಟರ್ ಈಜಬೇಕು. ಮೊದಲು ನೀರು ಸಿಗೋದೇ ಇಲ್ಲ, ಕೈ ಗಾಳಿಯಲ್ಲಿ ಆಡಿಸಿದ ಹಾಗಿರುತ್ತೆ. ನಾಲ್ಕೈದು ಸ್ಟ್ರೋಕ್ ಆದಮೇಲೆ ಮೈ ತಾನೇ ದಾರಿ ಹುಡುಕುತ್ತೆ. ಮೊಣಕೈ ಮೇಲೆ ಇಟ್ಟು ಮುಂಗೈಯಿಂದ ನೀರು ಹಿಂದಕ್ಕೆ ತಳ್ಳೋಕೆ ಶುರು ಮಾಡುತ್ತೆ. ಆಮೇಲೆ ಬೆರಳು ಬಿಚ್ಚಿ ಈಜಿಸಿ. ನನ್ನ ಹತ್ರ ಬರೋ 9 ವರ್ಷದ ಹುಡುಗಿ ದಂಡೆ ಹಿಡಿದು ಕೈ ತಿರುಗಿಸಿ ತಿರುಗಿಸಿ ನೋಡಿದಳು. "ಟೀಚರ್, ನನ್ನ ಕೈ ಮೊರದಷ್ಟು ದೊಡ್ಡದಾಯ್ತು" ಅಂದಳು. ಆ ಮಗುವಿಗೆ ನಾನು ಮತ್ತೆ ಏನೂ ವಿವರಿಸಬೇಕಾಗಲಿಲ್ಲ.

ಶಹಾಪುರ ತಾಯಿ
ತಿಳಕವಾಡಿ ಸರ್, ಒಂದು ಕೇಳಲಾ? ನಿಮ್ಮ ಮಗಳು ನೀರೊಳಗೆ ಉಸಿರು ಬಿಡ್ತಾಳಾ? ನನ್ನ ಮಗ ಎರಡು ವರ್ಷ ಬಿಡ್ತಾನೇ ಇರಲಿಲ್ಲ, ಯಾರಿಗೂ ಗೊತ್ತಾಗಿರಲಿಲ್ಲ. ಮುಖ ಹೊರಗೆ ಬಂದಾಗಲೇ ಬಿಡೋದು, ಆಗಲೇ ತಗೊಳ್ಳೋದು. ಎರಡೂ ಕೆಲಸಕ್ಕೆ ಹೊತ್ತು ಸಾಲದೆ ತಲೆ ಎತ್ತುತ್ತಿದ್ದ.

ತಿಳಕವಾಡಿ ಅಪ್ಪ
ಬಿಡ್ತಾಳೆ ಅಂದ್ಕೊಂಡಿದ್ದೇನೆ ಅಕ್ಕಾ. ಮೂರು ವರ್ಷ ಕಲಿತಿದ್ದಾಳಲ್ಲ. ಆದರೂ ವಿಡಿಯೋ ಮತ್ತೆ ನೋಡ್ತೀನಿ.

ಸ್ಪ್ರಿಂಟರ್ 17
ಉಸಿರಿಗೆ ನಮ್ಮ ಗುಂಪಿನಲ್ಲಿ ಒಂದು ಉಪಾಯ ಇದೆ. ಜೋರಾಗಿ ಹತ್ತು ಹದಿನೈದು ಸಲ ಉಸಿರು ಎಳೆದು ಬಿಟ್ಟು, ಆಮೇಲೆ ನೀರೊಳಗೇ 25 ಮೀಟರ್ ಹೋಗೋದು. ಯಾರು ಜಾಸ್ತಿ ದೂರ ಅಂತ ಪಂದ್ಯ. ಶ್ವಾಸಕೋಶ ಗಟ್ಟಿಯಾಗುತ್ತೆ.

ಫಿಜಿಯೋ ಅಕ್ಕ
ತಮ್ಮಾ, ಅದನ್ನು ಇವತ್ತೇ ನಿಲ್ಲಿಸಿ. ಗಟ್ಟಿಯಾಗಿ ಹೇಳ್ತಿದ್ದೇನೆ. ಹಾಗೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತೆ. ಉಸಿರು ಬೇಕು ಅಂತ ಮೈ ಕೂಗೋದು ಅದು ಏರಿದಾಗ. ಅದು ಏರೋ ಮೊದಲೇ ಆಮ್ಲಜನಕ ಮುಗಿದು ನೀರೊಳಗೇ ಎಚ್ಚರ ತಪ್ಪುತ್ತೆ. ಮುನ್ಸೂಚನೆ ಏನೂ ಇರಲ್ಲ. ಚೆನ್ನಾಗಿ ಈಜು ಬಲ್ಲವರೇ ಹೀಗೆ ಸತ್ತಿದ್ದಾರೆ, ಎದೆಮಟ್ಟದ ನೀರಿನಲ್ಲೂ. ನಿಮ್ಮ ಗೆಳೆಯರಿಗೂ ಹೇಳಿ.

ಸ್ಪ್ರಿಂಟರ್ 17
ಇದು ಯಾರೂ ಹೇಳಿರಲಿಲ್ಲ ಅಕ್ಕಾ. ನಾಳೆ ಮುಂಜಾನೆ ಎಲ್ಲರಿಗೂ ಹೇಳ್ತೀನಿ, ನಮ್ಮ ಕೋಚ್‌ಗೂ.

ಜಮಖಂಡಿ ಬಾವಿ
ಬಾವಿಯಾಗೂ ಹುಡುಗರು ತಳ ಮುಟ್ಟೋ ಪಂದ್ಯ ಆಡ್ತಿದ್ದರು. ನಮ್ಮ ಅಜ್ಜ ಕಂಡರೆ ಬೈದು ಮೇಲೆ ಕರೀತಿದ್ದರು. ಯಾಕಂತ ಈಗ ತಿಳೀತು.

ಸ್ಟಾಪ್‌ವಾಚ್
ಲೆಕ್ಕ ಇಡೋದು ಹೇಗೆ ಅಂತ ಹೇಳ್ತೀನಿ. 25 ಮೀಟರಿನ ಸ್ಟ್ರೋಕ್ ಮತ್ತು ಸೆಕೆಂಡ್ ಎರಡನ್ನೂ ಕೂಡಿಸಿ. ಸ್ವಾಲ್ಫ್ ಅಂತಾರೆ. ನಿಮ್ಮ ಮಗಳದ್ದು 26 ಸ್ಟ್ರೋಕ್, ಅಂದಾಜು 19 ಸೆಕೆಂಡ್, ಒಟ್ಟು 45. ಬರೀ ಸ್ಟ್ರೋಕ್ ಎಣಿಸಿದರೆ ಮಕ್ಕಳು ತೇಲುತ್ತಾ ಸುಮ್ನೆ ಕಡಿಮೆ ಮಾಡ್ತಾರೆ, ಬರೀ ಸೆಕೆಂಡ್ ನೋಡಿದರೆ ಕೈ ಬಡೀತಾರೆ. ಒಟ್ಟು ಇಳಿದರೆ ಈಜು ಸುಧಾರಿಸ್ತಿದೆ ಅಂತ. ಆದರೆ ಬೇರೆ ಮಕ್ಕಳ ಜೊತೆ ಹೋಲಿಸಬೇಡಿ, ಎತ್ತರ ಬೇರೆ ಬೇರೆ ಇರುತ್ತೆ.

ನವನಗರ ಮಾಸ್ತರ
ಒಂದು ಅನುಮಾನ. ಫ್ರೀಸ್ಟೈಲ್ ಟರ್ನ್‌ನಲ್ಲಿ ಗೋಡೆಗೆ ಕೈ ಮುಟ್ಟಿಸಲೇಬೇಕು ಅಂತ ನಮ್ಮಲ್ಲಿ ಒಬ್ಬರು ಹೇಳಿದ್ದಾರೆ. ಹೌದಾ?

ನಾಲ್ಕನೇ ಲೇನ್
ಇಲ್ಲ ಮಾಸ್ತರೇ. ಫ್ರೀಸ್ಟೈಲ್‌ನಲ್ಲಿ ಮೈಯ ಯಾವ ಭಾಗ ತಾಗಿದರೂ ಸಾಕು, ಪಲ್ಟಿ ಹೊಡೆದು ಕಾಲು ಮುಟ್ಟಿಸಿದರೂ ಸರಿ. ಎರಡೂ ಕೈ ಮುಟ್ಟಬೇಕಾದದ್ದು ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈನಲ್ಲಿ. ಫ್ರೀಸ್ಟೈಲ್‌ನಲ್ಲಿ ಸ್ಟಾರ್ಟ್ ಅಥವಾ ಟರ್ನ್ ಆದಮೇಲೆ 15 ಮೀಟರ್ ಒಳಗೆ ತಲೆ ನೀರಿನ ಮೇಲೆ ಬಂದಿರಬೇಕು, ಅದು ಮಕ್ಕಳಿಗೆ ನೆನಪಿರಲಿ.

ತಿಳಕವಾಡಿ ಅಪ್ಪ
ವಿಡಿಯೋ ನೋಡಿದೆ. ಹಳೇದ್ರಲ್ಲಿ ಸರಿಯಾಗಿ ಕಾಣಲಿಲ್ಲ. ಇವತ್ತು ಸಂಜೆ ದಂಡೆಯಲ್ಲಿ ಬೋರಲು ಮಲಗಿ, ಅವಳು ಎದುರಿಗೆ ಬರೋ ಹಾಗೆ ತೆಗೆದೆ. ಮುಖ ನೀರೊಳಗಿದ್ದಾಗ ಒಂದು ಗುಳ್ಳೆಯೂ ಇಲ್ಲ. ಒಂದೂ ಇಲ್ಲ. ಕೆನ್ನೆ ಉಬ್ಬಿಕೊಂಡೇ ಇದೆ. ಮುಖ ಹೊರಳಿದಾಗ ಮೊದಲು ಪುಸ್ ಅಂತ ಬಿಡ್ತಾಳೆ, ಆಮೇಲೆ ತಗೊಳ್ತಾಳೆ, ಅಷ್ಟರಲ್ಲಿ ಗದ್ದ ನೀರಿಗಿಂತ ಒಂದು ಗೇಣು ಮೇಲೆ.

ಮೂರು ವರ್ಷ ದಂಡೆಯಲ್ಲೇ ಕೂತಿದ್ದೆ. ನನ್ನ ಕಣ್ಣೆಲ್ಲಾ ಗಡಿಯಾರದ ಮೇಲಿತ್ತು. ಶಹಾಪುರದ ಅಕ್ಕಾವ್ರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಶಹಾಪುರ ತಾಯಿ
ನನ್ನ ಮಗನಿಗೆ ಆದದ್ದು ನಿಮ್ಮ ಮಗಳಿಗೆ ಉಪಯೋಗ ಆಯ್ತಲ್ಲ ಸರ್, ಅಷ್ಟು ಸಾಕು. ನಾವು ಗೋಡೆ ಹಿಡಿಸಿ ಮುಳುಗಿಸಿ ಕಲಿಸಿದ್ವಿ. ನೀರೊಳಗೆ "ಹೂಂ" ಅಂತ ರಾಗ ಎಳೆಯೋದು. ರಾಗ ಎಳೆದರೆ ಮೂಗಿನಿಂದ ಗಾಳಿ ಹೋಗಲೇಬೇಕು. ಮೇಲೆ ಬಂದು ಬಾಯಲ್ಲಿ ಒಂದೇ ಸಲ "ಹಾ". ಇಳಿಯುವ ಮೊದಲು 20 ಸಲ, ದಿನಾ.

ನಾಲ್ಕನೇ ಲೇನ್
ಇದನ್ನು ಮೊದಲೇ ಕೇಳಬೇಕಿತ್ತು ನಾನು. ತಲೆಯ ತನಕ ಹೋಗಿ ನಿಂತೆ, ಅದರ ಹಿಂದೆ ಉಸಿರಿತ್ತು. ಸರ್, ಮಗ್ಗುಲ ಕಿಕ್ ಒಂದು ವಾರ ತಡೀರಿ. ಮೊದಲು ಗೋಡೆ ಹಿಡಿದು "ಹೂಂ". ಆಮೇಲೆ ಮಗ್ಗುಲ ಕಿಕ್‌ನಲ್ಲೂ ಅದೇ ರಾಗ. ಟೈಮಿಂಗ್ ಈ ತಿಂಗಳು ನೋಡಲೇಬೇಡಿ. ಮೊದಲು ಸ್ವಲ್ಪ ನಿಧಾನವೂ ಆಗಬಹುದು, ಗಾಬರಿ ಬೇಡ.

ಸ್ಟಾಪ್‌ವಾಚ್
ಮೂರು ಸ್ಟ್ರೋಕಿಗೊಂದು ಉಸಿರು ಅಭ್ಯಾಸ ಮಾಡಿಸಬೇಕಾ, ಎರಡಕ್ಕೊಂದಾ? ಇಂಟರ್ನೆಟ್‌ನಲ್ಲಿ ಜಗಳವೇ ನಡೀತಿದೆ. ಕೇಟೀ ಲೆಡೆಕಿ 15ನೇ ವಯಸ್ಸಿಗೆ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದವರು. ಅವರು ಹೆಚ್ಚಾಗಿ ಒಂದೇ ಕಡೆ ಉಸಿರು ತಗೊಂಡು ಕುದುರೆ ನಾಗಾಲೋಟದ ಥರ ಈಜ್ತಾರೆ. ನನ್ನ ಮಗ ಅದನ್ನೇ ನಕಲು ಮಾಡ್ತಿದ್ದಾನೆ.

ನಾಲ್ಕನೇ ಲೇನ್
ಆ ಲಯ ನಿಲ್ಲಬೇಕಾದರೆ ಕಿಕ್ ಮತ್ತು ಸೊಂಟ ಎಷ್ಟು ಗಟ್ಟಿ ಇರಬೇಕು ಯೋಚಿಸಿ. 11–12ರ ಮಕ್ಕಳಿಗೆ ಎರಡೂ ಕಡೆ ಬರಬೇಕು, ಅಭ್ಯಾಸದಲ್ಲಿ ಮೂರಕ್ಕೊಂದು. ರೇಸಿನಲ್ಲಿ ಬೇಕಾದಂತೆ ತಗೊಳ್ಳಲಿ. ಬೆಂಗಳೂರಿನ ಧಿನಿಧಿ ದೇಸಿಂಗು 14ಕ್ಕೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಳು. ಮಕ್ಕಳು ಅವಳ ವಿಡಿಯೋ ನೋಡಲಿ, ಖುಷಿ ಪಡಲಿ. ಈಜು ಮಾತ್ರ ತಮ್ಮ ಮೈಗೆ ಹೊಂದೋದು ಕಲೀಲಿ.

ಶಹಾಪುರ ತಾಯಿ
ವಿಷಯ ಬೇರೆ, ಆದ್ರೂ ಕೇಳ್ತೀನಿ. ಜುಲೈ ಮಳೆಯಲ್ಲಿ ನಿಮ್ಮ ಮಕ್ಕಳನ್ನು ಮುಂಜಾನೆ 6ಕ್ಕೆ ನೀರಿಗಿಳಿಸ್ತೀರಾ? ನಮ್ಮವನ ತುಟಿ ನೀಲಿ ಆಗುತ್ತೆ.

ಫಿಜಿಯೋ ಅಕ್ಕ
ತುಟಿ ನೀಲಿ ಆದರೆ ಹೊರಗೆ ಕರೀರಿ, ಅದರಲ್ಲಿ ಚೌಕಾಸಿ ಬೇಡ. ನಡುಗೋ ಮಗುವಿಗೆ ಡ್ರಿಲ್ ತಲೆಗೆ ಹೋಗಲ್ಲ. ಒಣ ಟವೆಲ್, ಟೋಪಿ, ಬಿಸಿ ಹಾಲು.

ಸ್ಪ್ರಿಂಟರ್ 17
ಬೆಂಗಳೂರಿಗೆ ಮೀಟ್‌ಗೆ ಹೋಗೋರಿಗೆ ಒಂದು ಮಾತು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೋಗಿ ಮುಂಜಾನೆ ನೇರ ರೇಸಿಗೆ ಇಳೀಬೇಡಿ. ನಾನು ಹಾಗೆ ಮಾಡಿದೆ. ಬಸವನಗುಡಿಯ 50 ಮೀಟರ್ ಪೂಲು. ನಾವು 25 ಮೀಟರಿನಲ್ಲಿ ಬೆಳೆದವರು, ಅರ್ಧಕ್ಕೆ ಗೋಡೆ ಸಿಗುತ್ತೆ, ಒದ್ದು ಹೋಗ್ತೀವಿ. ಅಲ್ಲಿ ಗೋಡೆ ಬರೋದೇ ಇಲ್ಲ. 35 ಮೀಟರ್ ಆದಮೇಲೆ ನನ್ನ ಕೈ ಎತ್ತೋಕಾಗಲಿಲ್ಲ. ಒಂದು ದಿನ ಮೊದಲೇ ಹೋಗಿ ನೀರಿಗಿಳಿದು ನೋಡಿ.

ತಿಳಕವಾಡಿ ಅಪ್ಪ
ಮೂರು ವಾರ ಆಯ್ತು, ಹೇಳಬೇಕು ಅನ್ನಿಸ್ತು. ಮೊದಲ ನಾಲ್ಕು ದಿನ ಮೂಗಿಗೆ ನೀರು ಹೋಗಿ ಅತ್ತಳು. ಐದನೇ ದಿನ ಗೋಡೆ ಹಿಡಿದು ಶಾಲೆಯ ಪ್ರಾರ್ಥನೆಯ ರಾಗ ನೀರೊಳಗೆ ಹಾಡಿದಳಂತೆ. ದಂಡೆಗೆ ನನಗೆ ಕೇಳಿಸಿದ್ದು ಬುಳುಬುಳು ಅಷ್ಟೇ. ಒಂಬತ್ತು ಡ್ರಿಲ್ಲಿನ ಚೀಟಿ ಹರಿದು ಹಾಕಿದೆ. ಈಗ ಎರಡೇ, "ಹೂಂ" ಮತ್ತು ಮಗ್ಗುಲ ಕಿಕ್, ಪ್ರತಿ ಸಲ ಆದಮೇಲೆ 25 ಮೀಟರ್ ನಿಧಾನ ಈಜು.

ಇವತ್ತು ಎಣಿಸಿದೆ. 23 ಸ್ಟ್ರೋಕ್, 19 ಸೆಕೆಂಡ್. ಸ್ಟಾಪ್‌ವಾಚ್ ಸರ್ ಲೆಕ್ಕದಲ್ಲಿ 42. ಬಲಗೈ ಭುಜದ ನೇರಕ್ಕೇ ನಿಲ್ಲುತ್ತಿದೆ. ಕಾಲಿಗೆ ನಾನು ಏನೂ ಮಾಡಿಸಿಲ್ಲ, ಆದರೂ ಅಗಲ ಆಗ್ತಿಲ್ಲ. 50 ಮೀಟರ್ ಟೈಮಿಂಗ್ ನೋಡಿಲ್ಲ. ಆದರೆ ದಂಡೆ ಮುಟ್ಟಿದಾಗ ಮೊದಲಿನ ಏದುಸಿರು ಇಲ್ಲ, ಮುಟ್ಟಿದ ಕೂಡಲೇ ಮಾತಾಡ್ತಾಳೆ.

ನಾಲ್ಕನೇ ಲೇನ್
ಓದಿ ತುಂಬಾ ಖುಷಿಯಾಯ್ತು ಸರ್! ಇದೆಲ್ಲಾ ಎಡಕ್ಕೆ ಉಸಿರು ತಗೊಳ್ಳುವಾಗ ಅಲ್ವಾ? ಬಲಕ್ಕೆ ಹೇಗಿದೆ?

ತಿಳಕವಾಡಿ ಅಪ್ಪ
ಬಲಕ್ಕೆ ತಿರುಗಿದರೆ ಮತ್ತೆ ತಲೆ ಎತ್ತುತ್ತಾಳೆ ಮೇಡಂ. ಗುಳ್ಳೆಯೂ ಅರ್ಧಕ್ಕೇ ನಿಲ್ಲುತ್ತೆ. ನಾಳೆಯಿಂದ ಮತ್ತೆ ಗೋಡೆ ಹಿಡಿಸ್ತೀನಿ.